ಗೋಡೆಗೆ ಮುಖ ಮಾಡಿದ ದೇವರ ಫೋಟೊ

ಆಸ್ಪತ್ರೆಯಲ್ಲಿ ರೋಗಿಗಳ, ಅವರ ಮನೆಯವರ ಜೊತೆ ಕೂತು ಚಿತ್ರ ಬರೆಸುವುದು ನನ್ನ ಕೆಲಸ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಒಮ್ಮೆ ತಮ್ಮ ದೇವರಮನೆ ಬರೆದರು. ದೀಪ, ಗಂಟೆ, ಕುಂಕುಮದ ಭರಣಿ ಎಲ್ಲವೂ ಇತ್ತು. ದೇವರ ಫೋಟೊ ಮಾತ್ರ ಗೋಡೆಗೆ ಮುಖ ಮಾಡಿತ್ತು. ನಮಗೆ ಕಾಣುತ್ತಿದ್ದದ್ದು ಹಿಂಬದಿಯ ರಟ್ಟು, ನಾಲ್ಕು ಮೊಳೆ, ತೂಗುಹಾಕುವ ತಂತಿ.

"ಹೀಗೆಲ್ಲ ಬರೀಬಾರದು ಅಕ್ಕಾ, ಅಪಚಾರ" ಎಂದು ತಂಗಿ ರಬ್ಬರಿಗೆ ಕೈ ಹಾಕಿದರು. ಅಳಿಸಬೇಡಿ ಎಂದೆ.

"ನಿಮ್ಮ ನೋವು ಬರೆಯಿರಿ" ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳಿದರೆ ಕಪ್ಪು ಮೋಡ, ಕಣ್ಣೀರು, ಒಡೆದ ಹೃದಯ ಬರುತ್ತವೆ. ಅವು ಎಲ್ಲರವೂ ಹೌದು, ಯಾರವೂ ಅಲ್ಲ. ಮನೆಯಲ್ಲಿ ಈಗ ಬೇರೆಯಾಗಿ ಕಾಣುವ ಒಂದು ವಸ್ತು ಬರೆಯಿರಿ ಎನ್ನುತ್ತೇನೆ. ಬಂದ ಚಿತ್ರಕ್ಕೆ ಅರ್ಥ ಹಚ್ಚುವುದೂ ಇಲ್ಲ. ಕಪ್ಪು ಬಳಿದವರೆಲ್ಲ ಖಿನ್ನರಲ್ಲ.

ಅವತ್ತು ಅವರಿಗೆ ಒಂದು ಹಳೆಯ ಚಿತ್ರದ ಪ್ರತಿ ತೋರಿಸಿದೆ. ಈಗ ಫ್ರಾನ್ಸಿನ ಕೋಲ್ಮಾರ್ ಊರಿನ ಉಂಟರ್‌ಲಿಂಡೆನ್ ಮ್ಯೂಸಿಯಂನಲ್ಲಿರುವ, ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಇಸೆನ್‌ಹೈಮ್ ಬಲಿಪೀಠದ, ಅಂದರೆ ಕ್ರೈಸ್ತರ ಪೂಜಾಪೀಠದ, ತೆರೆದು ಮುಚ್ಚುವ ಹಲಗೆಗಳ ಚಿತ್ರಮಾಲೆಯ ಒಂದು ಭಾಗ ಅದು. ಇಸೆನ್‌ಹೈಮ್ ಮಠದ ಸನ್ಯಾಸಿಗಳು 'ಸಂತ ಆಂಟನಿಯ ಬೆಂಕಿ' ಹತ್ತಿದವರ ಆರೈಕೆ ಮಾಡುತ್ತಿದ್ದರು. ರೈ ಧಾನ್ಯಕ್ಕೆ ತಗಲುವ ಎರ್ಗಟ್ ಶಿಲೀಂಧ್ರ ರೊಟ್ಟಿಯ ಜೊತೆ ಹೊಟ್ಟೆ ಸೇರಿ ಬರುವ ಕಾಯಿಲೆ ಅದು. ಮೈ ಉರಿ, ಭ್ರಮೆ, ಕೊಳೆತು ಉದುರುವ ಕೈಕಾಲು. ಆ ರೋಗಿಗಳ ಕಣ್ಣೆದುರು ಗ್ರೂನೆವಾಲ್ಡ್ ನಿಲ್ಲಿಸಿದ ಶಿಲುಬೆಯ ಯೇಸುವಿನ ಮೈತುಂಬ ಗಾಯ, ಚರ್ಮ ಹಸಿರುಗಟ್ಟಿದೆ, ಬೆರಳುಗಳು ಸೆಟೆದಿವೆ.

ನಾನು ತೋರಿಸಿದ್ದು ಒಳಗಿನ ಇನ್ನೊಂದು ಹಲಗೆ. ಸಂತ ಆಂಟನಿಯನ್ನು ಪಿಶಾಚಿಗಳು ಕೆಡವಿ, ಕೂದಲು ಹಿಡಿದು ಎಳೆಯುತ್ತಿವೆ. ಎಡಗಡೆ ಕೆಳಗೆ ಹೊಟ್ಟೆ ಉಬ್ಬಿದ, ಮೈಯೆಲ್ಲ ಹುಣ್ಣಾದ ಒಂದು ಜೀವ ಒರಗಿದೆ. ಬಲಗಡೆ ಕೆಳಗೆ ಒಂದು ಚೀಟಿ. ಅದರಲ್ಲಿ ಲ್ಯಾಟಿನ್‌ನಲ್ಲಿ ಬರೆದಿದೆ: "ಎಲ್ಲಿದ್ದೆ, ಒಳ್ಳೆಯ ಯೇಸುವೇ, ಎಲ್ಲಿದ್ದೆ? ನನ್ನ ಗಾಯ ಮಾಯಿಸಲು ಯಾಕೆ ಬರಲಿಲ್ಲ?"

ಕೇಳುತ್ತಿರುವವನು ನಾಸ್ತಿಕನಲ್ಲ, ಸಂತ. ಆ ಪ್ರಶ್ನೆಗೆ ಜಾಗ ಸಿಕ್ಕಿದ್ದು ಪೂಜೆ ನಡೆಯುವ ಪೀಠದಲ್ಲೇ. ನನ್ನ ಕೆಲಸದಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಈ ಚೀಟಿಯನ್ನೇ. ಸಂಶಯ ಬಂದವರು ದೇವರನ್ನು ಬಿಟ್ಟರು ಎಂದು ಸುತ್ತಲಿನವರು ಗಾಬರಿಯಾಗುತ್ತಾರೆ. ಬಿಟ್ಟವರು ಹೀಗೆ ಕೂತು ತಂತಿಯನ್ನೂ ಬಿಡದೆ ಬರೆಯುವುದಿಲ್ಲ.

ಆ ತಾಯಿ ಚೀಟಿಯ ಮೇಲೆ ಬೆರಳಿಟ್ಟು, "ಇದನ್ನ ಯಾರೂ ಅಳಿಸಲಿಲ್ವಾ ಮೇಡಂ?" ಎಂದು ಕೇಳಿದರು.

ಐನೂರು ವರ್ಷದಿಂದ ಹಾಗೇ ಇದೆ ಎಂದೆ.

ಪೆನ್ಸಿಲ್ ತೆಗೆದುಕೊಂಡು ಆ ನಾಲ್ಕು ಮೊಳೆಗಳನ್ನು ಒಂದೊಂದಾಗಿ ಗಾಢ ಮಾಡತೊಡಗಿದರು. ತಂಗಿ ಪಕ್ಕದಲ್ಲೇ ಕೂತು ಹಾಳೆ ಅಲುಗಾಡದಂತೆ ಹಿಡಿದುಕೊಂಡರು.