ಡೈನಮೋ ಅಲ್ಲ, ಆಲ್ಟರ್ನೇಟರ್

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕಳೆದ ತಿಂಗಳು ಮತ್ತೆ ಅದೇ ಮಾತು ಕೇಳಿದೆ. ಗೆಳೆಯನೊಬ್ಬ ತನ್ನ ಟಿಟಿಯನ್ನು (ಟೆಂಪೊ ಟ್ರಾವೆಲರ್) ಒಳಗೇ ಉಳಿದುಕೊಳ್ಳುವ ಕ್ಯಾಂಪರ್ ವ್ಯಾನ್ ಮಾಡಿಸಿದ್ದಾನೆ, ಫ್ರಿಜ್ಜಿಗೂ ಫ್ಯಾನಿಗೂ ಅಂತ ಹಿಂದೆ ಎರಡನೇ ಬ್ಯಾಟರಿ ಇಟ್ಟಿದ್ದಾನೆ. ಬೆಂಗಳೂರಿಂದ ಇಲ್ಲಿವರೆಗೆ ಓಡಿಸಿದರೂ ಅದು ತುಂಬಲಿಲ್ಲ. "ಡೈನಮೋ ವೀಕ್ ಸಾರ್, ದೊಡ್ಡದು ಹಾಕ್ಸಿ" ಅಂದರು ಎಲೆಕ್ಟ್ರಿಷಿಯನ್.

ಅದು ಡೈನಮೋನೂ ಅಲ್ಲ, ವೀಕೂ ಅಲ್ಲ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆ ಯಂತ್ರ ಆಲ್ಟರ್ನೇಟರ್.

ಗ್ರೀಕಿನ 'ಡೈನಮಿಸ್' ಅಂದರೆ ಬಲ. 1867ರಲ್ಲಿ ಜರ್ಮನಿಯ ವರ್ನರ್ ಸೀಮೆನ್ಸ್ ತಮ್ಮ ಯಂತ್ರವನ್ನು ಈ ಹೆಸರಲ್ಲಿ ಕರೆದರು. ಡೈನಮೋದಿಂದ ಹೊರಬರುವುದು ನೇರ ಕರೆಂಟು, ಡಿಸಿ. ಆಲ್ಟರ್ನೇಟರ್ ಬಂದದ್ದು ಲ್ಯಾಟಿನ್ನಿನ 'ಆಲ್ಟರ್'ನಿಂದ, ಅಂದರೆ ಎರಡರಲ್ಲಿ ಇನ್ನೊಂದು. ಇದರೊಳಗೆ ಕರೆಂಟು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹರಿಯುತ್ತದೆ (ಇದೇ ಎಸಿ), ಆಮೇಲೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಅದನ್ನು ಡಿಸಿ ಮಾಡಿ ಕಳಿಸುತ್ತವೆ. ಇನ್ನೂ ಒಂದು ವಿಷಯ: ನಾವು ಚಿಕ್ಕವರಿದ್ದಾಗ ಟೈರಿಗೆ ಒರಗಿಸುತ್ತಿದ್ದ ಸೈಕಲ್ ಡೈನಮೋ ಇತ್ತಲ್ಲ, ಅದರಲ್ಲೂ ತಿರುಗುತ್ತಿದ್ದದ್ದು ಅಯಸ್ಕಾಂತ, ಬರುತ್ತಿದ್ದದ್ದು ಎಸಿ. ಅಂದರೆ ಅದೂ ಡೈನಮೋ ಅಲ್ಲ! ಆ ಹೆಸರು ನಮ್ಮ ನಾಲಿಗೆಗೆ ಅಂಟಿದ್ದೇ ಅಲ್ಲಿಂದ ಅಂತ ನನಗನಿಸುತ್ತದೆ.

ಹೆಸರಿಗೆ ಯಾಕಿಷ್ಟು ತಕರಾರು ಅಂದರೆ, ಡೈನಮೋ ಅಂದಕೂಡಲೇ ತಲೆಗೆ ಬರುವುದು ಸೈಕಲ್ಲೇ. ಜೋರಾಗಿ ತುಳಿದರೆ ಜಾಸ್ತಿ ಬೆಳಕು, ದೊಡ್ಡದು ಹಾಕಿದರೆ ಜಾಸ್ತಿ ಚಾರ್ಜು. ಗಾಡಿಯಲ್ಲಿ ಹಾಗಿಲ್ಲ. ರೆಗ್ಯುಲೇಟರ್ ವೋಲ್ಟೇಜನ್ನು ಸುಮಾರು 14 ವೋಲ್ಟಿನ ಹತ್ತಿರವೇ ಹಿಡಿದಿಡುತ್ತದೆ. 60 ಆಂಪಿಯರಿನ ಆಲ್ಟರ್ನೇಟರ್ ತೆಗೆದು 120ರದು ಹಾಕಿದರೂ ವೋಲ್ಟೇಜ್ ಅಷ್ಟೇ. ನಡುವಿನ ವೈರು ಸಣ್ಣದಿದ್ದರೆ ಆ 14 ಹಿಂದಿನ ಬ್ಯಾಟರಿಗೆ ತಲುಪುವುದೇ ಇಲ್ಲ. ಲೆಕ್ಕ ನೋಡಿ: 6 ಚದರ ಮಿ.ಮೀ. ತಾಮ್ರದ ವೈರು, ಹೋಗಿ ಬರೋಕೆ ಒಟ್ಟು 12 ಮೀಟರ್, ಅದರಲ್ಲಿ 30 ಆಂಪಿಯರ್ ಹರಿದರೆ ಸುಮಾರು 1 ವೋಲ್ಟ್ ದಾರಿಯಲ್ಲೇ ಹೋಯಿತು. ಉಳಿದ 13ರಲ್ಲಿ ಲೆಡ್ ಆಸಿಡ್ ಬ್ಯಾಟರಿ ಆಮೆಗತಿಯಲ್ಲಿ ತುಂಬುತ್ತದೆ.

ಅದಕ್ಕೇ ಮೊದಲು ವೋಲ್ಟೇಜ್ ಅಳೆಯುವ ಮೀಟರ್ ಹಿಡಿಯಿರಿ. ಎಂಜಿನ್ ಓಡುವಾಗ ಎರಡೂ ಬ್ಯಾಟರಿಯ ಟರ್ಮಿನಲ್ ಮೇಲೆ ನೋಡಿ. ಮುಂದೆ 14.2, ಹಿಂದೆ 13.1 ಬಂದರೆ ದೋಷ ದಾರಿಯದ್ದು, ಅಲ್ವಾ? ದಪ್ಪ ವೈರು ಎಳೆಸಿ, ಎರಡೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ, ನಡುವೆ ಡಿಸಿ-ಡಿಸಿ ಚಾರ್ಜರ್ ಇಡಿಸಿ. ಅದು ಕಡಿಮೆ ವೋಲ್ಟೇಜನ್ನೂ ಏರಿಸಿ ಬ್ಯಾಟರಿಗೆ ಬೇಕಾದಷ್ಟು ಕೊಡುತ್ತದೆ. ಲಿಥಿಯಂ ಬ್ಯಾಟರಿಯನ್ನಂತೂ ಸುಮ್ನೆ ನೇರವಾಗಿ ಜೋಡಿಸಲೇಬೇಡಿ. ಅದು ಸಿಕ್ಕಷ್ಟು ಕರೆಂಟು ಎಳೆಯುತ್ತದೆ, ಗಾಡಿ ನಿಂತು ಎಂಜಿನ್ ಐಡಲ್‌ನಲ್ಲಿದ್ದಾಗ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು.

ಗೆಳೆಯ ವೈರು ಬದಲಿಸಿದ, ಚಾರ್ಜರ್ ಹಾಕಿಸಿದ. ಮೊನ್ನೆ ಚಿತ್ರದುರ್ಗದ ಹತ್ತಿರ ರಾತ್ರಿ ಗಾಡಿ ನಿಲ್ಲಿಸಿದ್ದೆವು. ಬೆಳಗಿನವರೆಗೂ ಫ್ರಿಜ್ ಓಡಿತು. ಆಲ್ಟರ್ನೇಟರ್ ಮಾತ್ರ ಹಳೆಯದೇ.