ಪಿನ್ ಕಂಟ್ರೋಲರ್ ಸ್ಕೀಮಾ: ಎಲ್ಲಿ ಬಿಗಿ ಇರಬೇಕು

ಚಿಪ್‌ನ ಒಂದೇ ಪಿನ್ ಒಂದು ಬೋರ್ಡ್‌ನಲ್ಲಿ ಯುಎಆರ್‌ಟಿ (ಸೀರಿಯಲ್ ಸಂಪರ್ಕ) ಆಗಿರುತ್ತದೆ, ಇನ್ನೊಂದರಲ್ಲಿ ಐ2ಸಿ (ಎರಡು ತಂತಿಯ ಬಸ್), ಮತ್ತೊಂದರಲ್ಲಿ ಬರೀ ಜಿಪಿಐಒ (ಸಾಮಾನ್ಯ ಬಳಕೆಯ ಇನ್‌ಪುಟ್-ಔಟ್‌ಪುಟ್). ಯಾವ ಪಿನ್‌ಗೆ ಯಾವ ಕೆಲಸ, ಪುಲ್-ಅಪ್ (ಪಿನ್ ಅನ್ನು ಹೈ ಮಟ್ಟಕ್ಕೆ ಎಳೆದಿಡುವ ರೆಸಿಸ್ಟರ್) ಬೇಕೇ, ಡ್ರೈವ್ ಎಷ್ಟು ಮಿಲಿಆಂಪಿಯರ್ ಎಂಬುದನ್ನೆಲ್ಲ ಲಿನಕ್ಸ್ ಕರ್ನಲ್ ಡಿವೈಸ್ ಟ್ರೀಯಿಂದ, ಅಂದರೆ ಬೋರ್ಡ್‌ನ ಹಾರ್ಡ್‌ವೇರ್ ಅನ್ನು ನೋಡ್ ಮತ್ತು ಪ್ರಾಪರ್ಟಿಗಳಾಗಿ ವಿವರಿಸುವ ಫೈಲ್‌ನಿಂದ, ಓದಿಕೊಳ್ಳುತ್ತದೆ. ಅಲ್ಲಿ ಏನು ಬರೆಯಬಹುದು ಎಂಬ ನಿಯಮಗಳು ಬಹಳ ಕಾಲ ಸಾದಾ ಟೆಕ್ಸ್ಟ್ ಫೈಲ್‌ಗಳಲ್ಲಿದ್ದವು. ಮನುಷ್ಯರು ಓದಬಹುದಿತ್ತು, ಯಂತ್ರ ಪರೀಕ್ಷಿಸುವಂತಿರಲಿಲ್ಲ. 2019ರ ಲಿನಕ್ಸ್ 5.0ರಿಂದೀಚೆಗೆ ಅವು ಒಂದೊಂದಾಗಿ ಯಾಮಲ್ ಸ್ಕೀಮಾಗಳಾಗುತ್ತಿವೆ, ಅಂದರೆ ಯಂತ್ರ ಪರೀಕ್ಷಿಸಬಲ್ಲ ನಿಯಮದ ಫೈಲ್‌ಗಳಾಗುತ್ತಿವೆ.

ಇವುಗಳಲ್ಲಿ, ಪಿನ್‌ಗಳ ಕೆಲಸ ನಿರ್ಧರಿಸುವ ಪಿನ್ ಕಂಟ್ರೋಲರ್‌ಗಳದು ಕಷ್ಟದ ಪಾಲು. ಒಂದೊಂದು ಕಂಪನಿಯೂ ತನ್ನದೇ ಪ್ರಾಪರ್ಟಿ ಹೆಸರುಗಳನ್ನು ಕಟ್ಟಿಕೊಂಡಿತ್ತು. ಆಲ್‌ವಿನ್ನರ್ ಚಿಪ್‌ಗಳನ್ನೇ ನೋಡಿ. ಮೊದಲು ‘ಆಲ್‌ವಿನ್ನರ್,ಡ್ರೈವ್’ ಎಂದು ಬರೆದು 0ಯಿಂದ 3ರವರೆಗಿನ ಸಂಖ್ಯೆ ಕೊಡಬೇಕಿತ್ತು. ಅದು ರಿಜಿಸ್ಟರ್‌ಗೆ ಹೋಗುವ ಬೆಲೆ, ಓದಿದವರಿಗೆ ಅರ್ಥವೇ ಆಗದು. ಈಗ ಎಲ್ಲರಿಗೂ ಸಾಮಾನ್ಯವಾದ ‘ಡ್ರೈವ್-ಸ್ಟ್ರೆಂತ್’ ಬಂದಿದೆ. ಸ್ಕೀಮಾದಲ್ಲಿ 10, 20, 30, 40 ಮಿಲಿಆಂಪಿಯರ್ ಎಂಬ ನಾಲ್ಕು ಬೆಲೆಗಳಿಗಷ್ಟೇ ಅವಕಾಶ. ಹಳೆಯ ಹೆಸರುಗಳನ್ನು ಡ್ರೈವರ್ ಇವತ್ತಿಗೂ ಓದುತ್ತದೆ, ಓದಲೇಬೇಕು. ಹಳೆಯ ಡಿಟಿಬಿ (ಕಂಪೈಲ್ ಮಾಡಿದ ಡಿವೈಸ್ ಟ್ರೀ) ಹೊಸ ಕರ್ನಲ್‌ನಲ್ಲೂ ನಡೆಯಬೇಕೆಂಬುದು ಇಲ್ಲಿನ ಮೂಲ ಒಪ್ಪಂದ.

ಹೊಸ ಸ್ಕೀಮಾ ಬರೆಯುವಾಗ ಪಿನ್‌ಮಕ್ಸ್-ನೋಡ್, ಪಿನ್‌ಸಿಎಫ್‌ಜಿ-ನೋಡ್ ಎಂಬ ಎರಡು ಸಾಮಾನ್ಯ ಫೈಲ್‌ಗಳನ್ನು ರೆಫ್ ಮಾಡಿಕೊಳ್ಳುತ್ತೇವೆ, ಅಂದರೆ ಅವುಗಳ ನಿಯಮಗಳನ್ನು ಎರವಲು ಪಡೆಯುತ್ತೇವೆ. ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ರೆಫ್ ಮಾಡಿ ಕೊನೆಗೆ ‘ಅನ್‌ಇವ್ಯಾಲ್ಯುಯೇಟೆಡ್‌ಪ್ರಾಪರ್ಟೀಸ್: ಫಾಲ್ಸ್’ ಹಾಕಿದರೆ ಸಾಮಾನ್ಯ ಫೈಲ್‌ನಲ್ಲಿರುವ ಎಲ್ಲ ಪ್ರಾಪರ್ಟಿಗಳಿಗೂ ಒಪ್ಪಿಗೆ ಸಿಕ್ಕಿಬಿಡುತ್ತದೆ. ನಿಮ್ಮ ಚಿಪ್‌ನಲ್ಲಿ ಸ್ಲ್ಯೂ-ರೇಟ್ (ಸಿಗ್ನಲ್ ಬದಲಾಗುವ ವೇಗದ ನಿಯಂತ್ರಣ) ಇಲ್ಲದಿದ್ದರೂ ಯಾರೋ ಬರೆದ ಸ್ಲ್ಯೂ-ರೇಟ್ ಪಾಸಾಗುತ್ತದೆ. ಬದಲಿಗೆ ‘ಅಡಿಷನಲ್‌ಪ್ರಾಪರ್ಟೀಸ್: ಫಾಲ್ಸ್’ ಹಾಕಿ. ಇದು ರೆಫ್‌ನಿಂದ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹಾರ್ಡ್‌ವೇರ್‌ಗೆ ನಿಜವಾಗಿ ಸಾಧ್ಯವಿರುವುದನ್ನು ‘ಬಯಾಸ್-ಡಿಸೇಬಲ್: ಟ್ರೂ’ ಎಂಬಂತೆ ಹೆಸರಿಸಲೇಬೇಕಾಗುತ್ತದೆ. ನಾಲ್ಕು ಸಾಲು ಹೆಚ್ಚಾದರೂ ಸರಿ, ನನ್ನ ಮತ ಇದಕ್ಕೇ. ಹಾರ್ಡ್‌ವೇರ್‌ಗೆ ಆಗದ್ದನ್ನು ತಡೆಯದ ಸ್ಕೀಮಾ ಇದ್ದೂ ಇಲ್ಲದಂತೆ.

‘ಬಯಾಸ್-ಪುಲ್-ಅಪ್’ಗೆ ಇನ್ನಷ್ಟು ಗಮನ ಬೇಕು. ಅದು ಬರೀ ಫ್ಲ್ಯಾಗ್ ಆಗಿರಬಹುದು, ಓಮ್ ಲೆಕ್ಕದ ಸಂಖ್ಯೆಯೂ ಆಗಿರಬಹುದು. ‘ಟ್ರೂ’ ಎಂದಷ್ಟೇ ಬರೆದರೆ ಎರಡೂ ನಡೆಯುತ್ತವೆ. ಚಿಪ್‌ನಲ್ಲಿ ಒಂದೇ ಪುಲ್ ರೆಸಿಸ್ಟರ್ ಇದ್ದರೆ ಬೂಲಿಯನ್ ಎಂದು ಕಟ್ಟಿಹಾಕಿ. ಹಲವಿದ್ದರೆ ಆ ಓಮ್ ಬೆಲೆಗಳನ್ನೇ ಎನಮ್‌ನಲ್ಲಿ (ಒಪ್ಪುವ ಬೆಲೆಗಳ ಪಟ್ಟಿಯಲ್ಲಿ) ಕೊಡಿ.

ಚೈಲ್ಡ್ ನೋಡ್‌ಗಳ ಹೆಸರಿನ ಪ್ಯಾಟರ್ನ್‌ಗೆ ಆಂಕರ್ (ಹೆಸರಿನ ಆರಂಭಕ್ಕೋ ಕೊನೆಗೋ ಕಟ್ಟುವ ಚಿಹ್ನೆ) ಹಾಕುವುದನ್ನು ಮರೆಯಬೇಡಿ. ಈ ಸ್ಕೀಮಾಗಳಿಗೆ ಆಧಾರವಾದ ಜೇಸನ್ ಸ್ಕೀಮಾದ ರೆಜೆಕ್ಸ್ (ಅಕ್ಷರಗಳ ಮಾದರಿ) ಹೆಸರಿನ ನಡುವೆ ಎಲ್ಲಿ ಸಿಕ್ಕರೂ ಹೊಂದಿಬಿಡುತ್ತದೆ. ಬರೀ ‘ಪಿನ್’ ಎಂದಿಟ್ಟರೆ ‘ಪಿನ್‌ಕಂಟ್ರೋಲ್-0’ ಎಂಬ ಪ್ರಾಪರ್ಟಿಯೂ ಬಲೆಗೆ ಬಿದ್ದು, ಅದು ಆಬ್ಜೆಕ್ಟ್ ಅಲ್ಲವೆಂಬ ದೂರು ಬರುತ್ತದೆ. ‘-ಪಿನ್ಸ್$’ ಎಂದು ಕೊನೆಗೆ ಡಾಲರ್ ಚಿಹ್ನೆ ಇಟ್ಟರೆ ಆ ತೊಂದರೆ ಇಲ್ಲ.

ಪಿನ್ ಸಂಖ್ಯೆಗಳ ರೆಜೆಕ್ಸ್‌ನಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ. 0ಯಿಂದ 174ರವರೆಗೆ 175 ಜಿಪಿಐಒ ಇವೆ ಎನ್ನೋಣ. ಮೂರಂಕಿಯ ಭಾಗಕ್ಕೆ 1[0-7][0-4] ಎಂದು ಬರೆದರೆ ನೋಡಲು ಸರಿಯಾಗಿಯೇ ಇರುತ್ತದೆ. ಆದರೆ 105–109, 115–119 ಹೀಗೆ 169ರವರೆಗೆ ಒಟ್ಟು 35 ಪಿನ್‌ಗಳು ಹೊರಗುಳಿಯುತ್ತವೆ. ಸರಿಯಾದದ್ದು 1[0-6][0-9]|17[0-4].

ಇನ್ನೊಂದು ತಪ್ಪು ಅಡ್ಡಗೆರೆಯದು (-). ‘ಐಟಮ್ಸ್’ ಕೆಳಗೆ ಅಡ್ಡಗೆರೆ ಹಾಕಿ ಪ್ಯಾಟರ್ನ್ ಬರೆದರೆ ‘ಒಂದೇ ಒಂದು ಐಟಂ’ ಎಂದರ್ಥ. ಎರಡು ಪಿನ್ ಕೊಟ್ಟೊಡನೆ ಪಟ್ಟಿ ಉದ್ದವಾಯಿತೆಂಬ ಎರರ್. ಅಡ್ಡಗೆರೆ ತೆಗೆದರೆ ಅದೇ ಪ್ಯಾಟರ್ನ್ ಎಲ್ಲ ಐಟಂಗಳಿಗೂ ಅನ್ವಯ. ಹಾಗೆಯೇ ‘#ಜಿಪಿಐಒ-ಸೆಲ್ಸ್’ ಅನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಯಾಮಲ್ ಆ ಸಾಲನ್ನೇ ಕಾಮೆಂಟ್ ಎಂದುಕೊಳ್ಳುತ್ತದೆ.

ಬರೆದಾದ ಮೇಲೆ ‘ಮೇಕ್ ಡಿಟಿ_ಬೈಂಡಿಂಗ್_ಚೆಕ್’ ಓಡಿಸಿ. ಇದು ಸ್ಕೀಮಾವನ್ನೂ ಅದರೊಳಗಿನ ಉದಾಹರಣೆಯನ್ನೂ ಪರೀಕ್ಷಿಸುತ್ತದೆ. ಎರರ್ ಬರಲಿಲ್ಲವೆಂದು ಅಲ್ಲಿಗೇ ನಿಲ್ಲಿಸಬೇಡಿ. ಉದಾಹರಣೆಯಲ್ಲಿ ಬೇಕೆಂದೇ ಡ್ರೈವ್-ಸ್ಟ್ರೆಂತ್ 25 ಎಂದು ಹಾಕಿ ಮತ್ತೆ ಓಡಿಸಿ. ಆಗಲೂ ಎರರ್ ಬರದಿದ್ದರೆ ನಿಮ್ಮ ನಿಯಮ ಆ ನೋಡ್‌ಗೆ ತಲುಪಿಯೇ ಇಲ್ಲ. ನೋಡ್ ಯಾವ ಹಾರ್ಡ್‌ವೇರ್‌ನದು ಎಂದು ಹೇಳುವ ಕಂಪ್ಯಾಟಿಬಲ್ ಸ್ಟ್ರಿಂಗ್‌ನಲ್ಲಿ ಒಂದಕ್ಷರ ತಪ್ಪಿದರೂ ಹೀಗಾಗುತ್ತದೆ.

ಆಮೇಲೆ ‘ಮೇಕ್ ಡಿಟಿಬಿಎಸ್_ಚೆಕ್’. ಕರ್ನಲ್‌ನಲ್ಲಿ ಈಗಾಗಲೇ ಇರುವ ಬೋರ್ಡ್ ಫೈಲ್‌ಗಳಿಂದ ವಾರ್ನಿಂಗ್‌ಗಳು ಸಾಲುಗಟ್ಟಿ ಬರುವುದು ಇಲ್ಲೇ. ಅವನ್ನು ಅಡಗಿಸಲೆಂದು ಸ್ಕೀಮಾ ಸಡಿಲ ಮಾಡಬೇಡಿ. ಒಂದೊಂದು ವಾರ್ನಿಂಗ್‌ಗೂ ಡೇಟಾಶೀಟ್ ಮತ್ತು ಡ್ರೈವರ್ ಎರಡನ್ನೂ ತೆರೆದು ನೋಡಿ. ಡ್ರೈವರ್ ಆ ಪ್ರಾಪರ್ಟಿಯನ್ನು ಓದುತ್ತಲೇ ಇಲ್ಲವಾದರೆ, ಡೇಟಾಶೀಟ್‌ನಲ್ಲೂ ಅದರ ಸುಳಿವಿಲ್ಲವಾದರೆ, ತಪ್ಪು ಬೋರ್ಡ್ ಫೈಲ್‌ನದು. ಅಲ್ಲೇ ತೆಗೆದು, ಆ ಬದಲಾವಣೆಯನ್ನು ಬೇರೆಯೇ ಪ್ಯಾಚ್ ಆಗಿ ಕಳಿಸಿ. ಡ್ರೈವರ್ ಓದುತ್ತದೆ, ಹಾರ್ಡ್‌ವೇರ್‌ನಲ್ಲೂ ಇದೆ ಎಂದಾದರೆ ಹಳೆಯ ಟೆಕ್ಸ್ಟ್ ಫೈಲ್‌ನಲ್ಲೇ ಅದು ಬಿಟ್ಟುಹೋಗಿತ್ತು. ಆಗ ಸ್ಕೀಮಾಗೆ ಸೇರಿಸಿ, ಏಕೆ ಸೇರಿಸಿದಿರೆಂದು ಕಮಿಟ್ ಸಂದೇಶದಲ್ಲಿ ಒಂದು ಸಾಲು ಬರೆಯಿರಿ.