ನೀಲಿ ಹೆಲ್ಮೆಟ್ ಎದುರಿಗಿದ್ದರೂ ದಾಳಿ ನಿಲ್ಲದೇಕೆ?

1967ರ ಮೇ 16ರ ರಾತ್ರಿ. ಗಾಜಾದಲ್ಲಿದ್ದ ವಿಶ್ವಸಂಸ್ಥೆ ತುರ್ತು ಪಡೆಯ (ನೀಲಿ ಹೆಲ್ಮೆಟ್ಟಿನ ಶಾಂತಿಪಾಲಕರ) ಮುಖ್ಯಸ್ಥ, ಭಾರತದ ಮೇಜರ್ ಜನರಲ್ ಇಂದರ್ ಜೀತ್ ರಿಖ್ಯೆ ಅವರ ಕೈಗೆ ಈಜಿಪ್ಟ್ ಸೇನೆಯ ಪತ್ರವೊಂದು ಬಂತು: ಗಡಿಠಾಣೆಗಳಿಂದ ನಿಮ್ಮವರನ್ನು ತೆಗೆಯಿರಿ. ಸುಮಾರು 3,400 ಜನರ ಆ ಪಡೆ ಹತ್ತು ವರ್ಷ ಈಜಿಪ್ಟ್–ಇಸ್ರೇಲ್ ಗಡಿ ಕಾದಿತ್ತು. ಎರಡೇ ದಿನದಲ್ಲಿ ಪ್ರಧಾನ ಕಾರ್ಯದರ್ಶಿ ಊ ಥಾಂಟ್ ವಾಪಸಾತಿಗೆ ಒಪ್ಪಿದರು. ಜೂನ್ 5ಕ್ಕೆ ಯುದ್ಧ ಶುರುವಾಯಿತು.

ಇದಕ್ಕಾಗಿ ಥಾಂಟ್ ಅವರನ್ನು ದೂರಿದವರು ಬಹಳ. ಆ ದೂರು ನ್ಯಾಯವಲ್ಲ. ಪಡೆ ನಿಂತಿದ್ದೇ ಈಜಿಪ್ಟಿನ ನೆಲದಲ್ಲಿ, ಅದರ ಒಪ್ಪಿಗೆಯ ಮೇಲೆ. ಇಸ್ರೇಲಂತೂ ತನ್ನ ಕಡೆ ಜಾಗವನ್ನೇ ಕೊಟ್ಟಿರಲಿಲ್ಲ.

ಹಾಗಾದರೆ ದಾಳಿಕೋರನನ್ನು ತಡೆಯಬೇಕಾದ ಸೈನ್ಯ ಯಾವುದು? ಅದು ಹುಟ್ಟಲೇ ಇಲ್ಲ. 1935ರಲ್ಲಿ ಇಟಲಿ ಇಥಿಯೋಪಿಯಾಕ್ಕೆ ನುಗ್ಗಿದಾಗ ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘ ಹಾಕಿದ ದಿಗ್ಬಂಧನದ ಪಟ್ಟಿಯಲ್ಲಿ ಪೆಟ್ರೋಲಿಯಂ ಇರಲಿಲ್ಲ. ಇಟಲಿಯ ಹಡಗುಗಳಿಗೆ ಸೂಯೆಜ್ ಕಾಲುವೆಯೂ ತೆರೆದೇ ಇತ್ತು. ಆ ಪಾಠ ಕಲಿತೇ 1945ರ ವಿಶ್ವಸಂಸ್ಥೆ ಸನ್ನದಿನಲ್ಲಿ 43ನೇ ವಿಧಿ ಸೇರಿಸಿದರು. ಸದಸ್ಯ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಭದ್ರತಾ ಮಂಡಳಿಗೆ ಸೈನ್ಯ ಮೀಸಲಿಡಬೇಕು ಎನ್ನುತ್ತದೆ ಅದು. ಆದರೆ ಯಾರು ಎಷ್ಟು ಕೊಡಬೇಕು ಎಂಬಲ್ಲೇ ಮಾತುಕತೆ ಮುರಿಯಿತು. ಐದೂ ಕಾಯಂ ಸದಸ್ಯರದು ಸಮಪಾಲಾಗಿರಬೇಕೆಂದು ಸೋವಿಯತ್ ಪಟ್ಟು ಹಿಡಿಯಿತು. ಇವತ್ತಿನವರೆಗೆ ಅಂಥ ಒಂದೇ ಒಂದು ಒಪ್ಪಂದಕ್ಕೂ ಸಹಿ ಬಿದ್ದಿಲ್ಲ. ಆ ಸೈನ್ಯ ನಡೆಸಬೇಕಿದ್ದ ಮಿಲಿಟರಿ ಸಮಿತಿ ಮಾತ್ರ ಈಗಲೂ ಎರಡು ವಾರಕ್ಕೊಮ್ಮೆ ಸೇರುತ್ತದೆ.

1950ರಲ್ಲಿ ವಿಶ್ವಸಂಸ್ಥೆಯ ಹೆಸರಿನಲ್ಲಿ ಕೊರಿಯಾಕ್ಕೆ ಸೈನ್ಯ ಹೋಯಿತಲ್ಲ ಎನ್ನಬಹುದು. ಆಗ ಸೋವಿಯತ್ ಪ್ರತಿನಿಧಿ ಭದ್ರತಾ ಮಂಡಳಿಯನ್ನು ಬಹಿಷ್ಕರಿಸಿ ಹೊರಗಿದ್ದರು, ವೀಟೊ (ಕಾಯಂ ಸದಸ್ಯರೊಬ್ಬರೇ ನಿರ್ಣಯ ತಡೆಯುವ ಹಕ್ಕು) ಹಾಕುವವರಿರಲಿಲ್ಲ. ಸೈನ್ಯದ ನಾಯಕತ್ವವೂ ಅಮೆರಿಕದ್ದೇ.

ಶಾಂತಿಪಾಲನೆ ಎಂಬ ಮಾತೇ ಸನ್ನದಿನಲ್ಲಿಲ್ಲ. ಕದನವಿರಾಮವಾದ ಮೇಲೆ ಇಬ್ಬರ ನಡುವೆ ನಿಲ್ಲಲು ಕಟ್ಟಿಕೊಂಡ ವ್ಯವಸ್ಥೆ ಅದು: ಒಪ್ಪಿಗೆ ಬೇಕು, ಪಕ್ಷ ವಹಿಸಬಾರದು, ಆತ್ಮರಕ್ಷಣೆಗಷ್ಟೇ ಗುಂಡು. ಕದನವಿರಾಮವೇ ಇಲ್ಲದ ಕಡೆ ಅಂಥ ಪಡೆ ಇಟ್ಟರೆ ಏನಾಗುತ್ತದೆಂಬುದಕ್ಕೆ ಬೋಸ್ನಿಯಾ ಸಾಕ್ಷಿ. ‘ಸುರಕ್ಷಿತ ಪ್ರದೇಶ’ಗಳ ಕಾವಲಿಗೆ ಸುಮಾರು 34,000 ಸೈನಿಕರು ಬೇಕೆಂದರೆ ಮಂಡಳಿ ಒಪ್ಪಿದ್ದು ಸುಮಾರು 7,600ಕ್ಕೆ. ಅಂಥ ಪ್ರದೇಶಗಳಲ್ಲೊಂದಾದ ಸ್ರೆಬ್ರೆನಿಕಾದಲ್ಲಿದ್ದ ಡಚ್ ತುಕಡಿಯ ಬಳಿ ಲಘು ಶಸ್ತ್ರಗಳೇ ಹೆಚ್ಚು. ವಿಮಾನ ದಾಳಿ ಬೇಕೆಂದರೆ ವಿಶ್ವಸಂಸ್ಥೆ, ನ್ಯಾಟೊ ಎರಡೂ ಹೂಂ ಎನ್ನಬೇಕಿತ್ತು. 1995ರ ಜುಲೈ 11ರಂದು ಊರು ಬೋಸ್ನಿಯಾದ ಸರ್ಬ್ ಸೇನೆಯ ವಶವಾಯಿತು. ಮುಂದಿನ ಕೆಲವೇ ದಿನಗಳಲ್ಲಿ ಸುಮಾರು 8,000 ಗಂಡಸರು, ಹುಡುಗರು ಹತರಾದರು. ರಕ್ಷಣೆಯ ಮಾತು ಕೊಟ್ಟು ಅದಕ್ಕೆ ಬೇಕಾದ ಸೈನ್ಯ ಕೊಡದೇ ಹೋದದ್ದು ಮಂಡಳಿಯ ಅಕ್ಷಮ್ಯ ತಪ್ಪು.

ದಾಳಿಕೋರನ ಕೈಯಲ್ಲೇ ವೀಟೊ ಇದ್ದರೆ ಪಡೆ ಕಳಿಸುವ ಮಾತೂ ಏಳುವುದಿಲ್ಲ. 2022ರ ಫೆಬ್ರವರಿ 25ರಂದು ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ ಮಂಡಳಿಯ 15ರಲ್ಲಿ 11 ಮತ ಬಂದವು. ವಿರುದ್ಧ ಬಿದ್ದ ಒಂದೇ ಮತ ರಷ್ಯಾದ್ದು, ನಿರ್ಣಯ ಬಿತ್ತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ರಷ್ಯಾದ್ದೇ. ಎರಡು ದಿನದ ಬಳಿಕ ಮಂಡಳಿ ವಿಷಯವನ್ನು ಸಾಮಾನ್ಯ ಸಭೆಗೆ ದಾಟಿಸಿತು. ಕಾರ್ಯವಿಧಾನದ ಮತವಾದ್ದರಿಂದ ಅಲ್ಲಿ ವೀಟೊ ನಡೆಯದು, 9 ಮತ ಸಾಕು. ಮಾರ್ಚ್ 2ರಂದು 141 ದೇಶಗಳು ರಷ್ಯಾ ಸೇನೆ ಹಿಂದೆ ಸರಿಯಲಿ ಎಂದವು. ಆದರೆ ಸಾಮಾನ್ಯ ಸಭೆಗಿರುವುದು ಶಿಫಾರಸಿನ ಅಧಿಕಾರ ಮಾತ್ರ. ಸೇನೆ ಸರಿಯಲಿಲ್ಲ.